ಇಳಿಸಿಕೊಡು

ನನಗೆ ಮೂಗಿನ ತುದಿಯಲ್ಲೇ ಕೋಪ. ಚೆನ್ನಾಗಿರುವ ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ತಾಗುವ ಹಾಗೆ ಇಳಿಸಿಕೊಡಿ ಎಂದು ಬರುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಬಾಯಿಗೆ ಬಂದಂತೆ ಬೈಯುತ್ತೇನೆ, ಆಮೇಲೆ ಇಳಿಸಿಕೊಡುತ್ತೇನೆ. ಹೊಟ್ಟೆಪಾಡು. ಹಾಗಾಗಿ ನಮ್ಮ ಗ್ಯಾರೇಜಿನಲ್ಲಿ ಇಳಿಸುವುದು ಎಂದರೆ ಅದೊಂದೇ ಅರ್ಥ.

ಅಕ್ಕ ಬೆಳಿಗ್ಗೆ ಭಾವನ ಕಾರು ತಂದು ನಿಲ್ಲಿಸಿದಾಗ ನಾನು ಬೇರೊಂದು ಗಾಡಿಯ ಅಡಿಯಲ್ಲಿ ಮಲಗಿದ್ದೆ. ಕಂಡದ್ದು ಅವಳ ಚಪ್ಪಲಿ ಮಾತ್ರ.

"ಇಳಿಸಿಕೊಡೋ," ಅಂದಳು. "ನನ್ನ ಕೈಲಿ ಆಗ್ತಿಲ್ಲ."

"ನಿಂಗೂ ಈ ಹುಚ್ಚು ಹಿಡೀತಾ? ಈ ವಯಸ್ಸಲ್ಲಿ?"

"ನಗಬೇಡ್ವೋ. ಸಂಜೆ ಬರ್ತೀನಿ. ಆದಷ್ಟೂ ನೋವಾಗದ ಹಾಗೆ ಇಳಿಸು."

ಗಾಡಿಗೆಂಥ ನೋವೇ ಎಂದು ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಭಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೆಯವರೇ. ಆದರೆ ಅಕ್ಕ ಕಾರು ಓಡಿಸಿದರೆ ಪಕ್ಕದ ಸೀಟಿನಲ್ಲಿ ಕೂತು ಅವಳ ಪ್ರಾಣ ತಿನ್ನುತ್ತಿದ್ದರು. "ಬ್ರೇಕು, ಬ್ರೇಕು" ಎನ್ನುತ್ತ ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ತಾವೇ ಒತ್ತುತ್ತಿದ್ದರು. ಮೊಣಕಾಲು ನೋವು ಬೇರೆ. ಹತ್ತುವಾಗಲೂ ರಂಪ, ಇಳಿಯುವಾಗಲೂ ರಂಪ. ಈಗಲಾದರೂ ಅವಳು ಬೇಕಾದ ಕಡೆ ಒಬ್ಬಳೇ ಹಾಯಾಗಿ ಓಡಾಡಿಕೊಂಡಿರಲಿ ಎಂಬುದು ನನ್ನ ಆಸೆಯಾಗಿತ್ತು.

ಕಾರಿನ ಮುಂದಿನ ಎಡಮೂಲೆ ಕೂತಿತ್ತು. ಸ್ಪ್ರಿಂಗ್ ಸೋತು ತಗ್ಗಿದರೆ ನಾವು ಹಾಗೇ ಹೇಳುವುದು, ಗಾಡಿ ಕೂತಿದೆ ಅಂತ. ಕ್ಲಾಂಪ್ ಹಾಕಿ ಅದುಮಿ, ಮುಂದಿನ ಎರಡೂ ಸ್ಪ್ರಿಂಗ್ ಬಿಚ್ಚಿ ಬೆಂಚಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದೆ. ಎರಡೂ ಒಂದೇ ಎತ್ತರ. ಎಡಗಡೆಯದು ಸೋತೇ ಇರಲಿಲ್ಲ. ತಲೆ ಕೆರೆದುಕೊಂಡೆ. ಹಿಂದಿನ ಎರಡನ್ನೂ ಬಿಚ್ಚಿದೆ. ಬೆಂಕಿ ತಾಗಿಸಿದರೆ ಉಕ್ಕಿನ ಹದ ಕೆಡುತ್ತದೆಂದು ಗ್ರೈಂಡರ್ ಹಿಡಿದು ನಾಲ್ಕೂ ಸ್ಪ್ರಿಂಗಿನಲ್ಲಿ ಒಂದೊಂದು ಸುತ್ತು ಕತ್ತರಿಸಿ, ಮತ್ತೆ ಜೋಡಿಸಿದೆ.

ಜಾಕ್ ತೆಗೆದೆ. ಉಳಿದ ಮೂಲೆಗಳೆಲ್ಲ ಸಮನಾಗಿ ನಿಂತವು. ಎಡಮೂಲೆ ಮಾತ್ರ ಕೊಂಚ ತಡೆದು, ಉಸ್ಸೆಂದು ಕೂತಿತು.

ಷಾಕ್ ಅಬ್ಸಾರ್ಬರ್ ನೋಡಿದೆ, ಟೈರಿನ ಗಾಳಿ ನೋಡಿದೆ. ಎಲ್ಲ ಸರಿಯಿತ್ತು. ಎಡಗಡೆ ಬಾಗಿಲು ತೆಗೆದು ಸೀಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಆ ಕಡೆ ಬಿಸಿಲೇ ಬೀಳುವುದಿಲ್ಲ. ಕೆಳಗಿನ ಮ್ಯಾಟಿನಲ್ಲಿ, ಕೂತವರ ಬಲಗಾಲು ಬರುವ ಜಾಗದಲ್ಲಿ, ರಬ್ಬರು ಸವೆದು ತೂತಾಗಿತ್ತು. ಅದು ಮೊನ್ನೆ ಮೊನ್ನೆ ನಾನೇ ತಂದು ಹಾಸಿದ ಹೊಸ ಮ್ಯಾಟು. ಬಾಗಿಲನ್ನು ಹಾಗೇ ತೆರೆದು ಬಿಟ್ಟು ಹಿಂದೆ ಸರಿದೆ.

ಸಂಜೆ ಬಂದ ಅಕ್ಕ ಕಾರು ನೋಡಿ ಗೇಟಿನಲ್ಲೇ ನಿಂತುಬಿಟ್ಟಳು.

"ಇದೇನೋ ಮಾಡಿಟ್ಟಿದೀಯ?"

"ನೀನೇ ಅಂದ್ಯಲ್ಲ, ಇಳಿಸು ಅಂತ."

"ಗಾಡೀನಲ್ಲ ಕಣೋ!" ಅವಳ ದನಿ ಒಡೆಯಿತು. "ಇವರನ್ನ. ಇವರನ್ನ ಇಳಿಸಿಕೊಡು ಅಂದೆ. ದಿನಾ ನನಗಿಂತ ಮುಂಚೆ ಹತ್ತಿ ಕೂತಿರ್ತಾರೆ. ಎಲ್ಲಿಗೆ ಹೊರಟರೂ ಪಕ್ಕದಲ್ಲಿ ಕಾಲು ಒತ್ತೋ ಸದ್ದು. ನನ್ನ ಮಾತಂತೂ ಕೇಳಲ್ಲ. ನಿನ್ನ ಮಾತಿಗಾದ್ರೂ ಬೆಲೆ ಕೊಡ್ತಾರೇನೋ ಅಂತ ತಂದೆ."

"ಬೆಳಿಗ್ಗೇನೇ ಬಿಡಿಸಿ ಹೇಳೋಕೇನಾಗಿತ್ತು?"

"ಇವರ ಎದುರಿಗೇ ಹೇಗೋ ಹೇಳಲಿ?"

ನಾನು ತೆರೆದ ಬಾಗಿಲ ಬಳಿ ಬಗ್ಗಿ, "ಭಾವ, ಇಳೀರಿ. ಅವಳನ್ನ ಅವಳ ಪಾಡಿಗೆ ಬಿಡಿ," ಎಂದೆ. ಬೇರೆ ಹೊತ್ತಿನಲ್ಲಾಗಿದ್ದರೆ ನನಗೇ ನಗು ಬರುತ್ತಿತ್ತು. ಕಾರು ಮಿಸುಕಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ಕೀಲಿಕೈಯನ್ನು ನನ್ನ ಅಂಗೈಗೆ ಒತ್ತಿದಳು.

"ಸರಿ ಬಿಡು. ಕಾರು ನೀವಿಬ್ಬರೇ ಇಟ್ಕೊಳ್ಳಿ. ಇವರು ಇಳಿಯದಿದ್ರೆ ನಾನೇ ಇಳೀತೀನಿ. ಎಲ್ಲಿಗೆ ಹೋಗೋದಿದ್ರೂ ನಡ್ಕೊಂಡೇ ಹೋಗ್ತೀನಿ."

ಹೇಳಿ ನಕ್ಕಳು. ಎಷ್ಟೋ ಕಾಲದ ಮೇಲೆ ಕಂಡ ನಗು ಅದು. ಸೆರಗು ಬಿಗಿದುಕೊಂಡು ರಸ್ತೆಗಿಳಿದು ಬಿರಬಿರನೆ ನಡೆದಳು. ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ನನ್ನ ಎದೆಯೂ ಹಗುರಾಯಿತು.

ಬೆನ್ನ ಹಿಂದೆ ಕಿರ್ರೆಂದಿತು. ತಿರುಗಿದೆ. ಕಾರಿನ ಎಡಮೂಲೆ ಮೆಲ್ಲಗೆ ಏಳುತ್ತಿತ್ತು. ಎದ್ದು, ಉಳಿದವುಗಳ ಸಮಕ್ಕೆ ಬಂದು ನಿಂತಿತು. ಸೀಟು ಖಾಲಿಯಾಗಿ, ತಗ್ಗಾಗಿ, ನೆಲದ ಹತ್ತಿರವೇ ಇತ್ತು. ಮೊಣಕಾಲು ನೋವಿನವರೂ ಸಲೀಸಾಗಿ ಇಳಿಯುವ ಹಾಗೆ ನಾನೇ ಮಾಡಿಕೊಟ್ಟಿದ್ದೆ.

"ಅಕ್ಕಾ!" ಎಂದು ಕೂಗಿಕೊಂಡೆ.

ಅವಳು ನಿಂತಳು. ಆದರೆ ನನ್ನ ಕಡೆ ನೋಡಲಿಲ್ಲ; ತನ್ನ ಎಡಪಕ್ಕಕ್ಕೆ ನೋಡಿದಳು. ಮುಖದ ನಗು ಆರಿಹೋಯಿತು. ಅಕ್ಕ ಮತ್ತೆ ನಡೆಯತೊಡಗಿದಳು. ಈಗ ನಿಧಾನವಾಗಿ, ಎರಡು ಹೆಜ್ಜೆ ಇಟ್ಟು, ನಿಂತು, ಕಾದು, ಮತ್ತೆ ಎರಡು ಹೆಜ್ಜೆ.