ಕಿಲಿಯನ್‌ನ ಪಾಡು

ಕಿಲಿಯನ್‌ನ ಶವಪೆಟ್ಟಿಗೆ ಮೇಕೆ ಕೊಟ್ಟಿಗೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಂದು ತುದಿಯನ್ನು ಗುಂಡಿ ತೋಡುವ ಇಗ್ನಾಜ್ ಹಿಡಿದಿದ್ದ, ಇನ್ನೊಂದನ್ನು ಅಗಸಗಿತ್ತಿ ವಾಲ್ಬುರ್ಗಾ.

"ಸ್ವಲ್ಪ ಎಡಕ್ಕೆ ತಿರುಗಿಸವ್ವಾ. ಬದುಕಿದ್ದಾಗ ಯಾರ ಬಾಗಿಲಿಗೂ ಅಡ್ಡ ಬಂದೋನಲ್ಲ, ಈಗ ನೋಡು."

"ಯಾರಾದ್ರೂ ಬಾಗಿಲ ತನಕ ಬಿಟ್ಕೊಂಡಿದ್ರೆ ತಾನೆ," ಎಂದಳು ಆಕೆ.

ಕುಣಿತದ ಮನೆಗಳಲ್ಲಿ ಪಿಟೀಲು ನುಡಿಸುತ್ತ ಅಲೆದವನಿಗೆ ಚರ್ಚಿನ ಸಾವಿನ ಗಂಟೆ ಹೊಡೆಯುವುದಿಲ್ಲವೆಂದು ಪಾದ್ರಿಗಳು ಹೇಳಿಕಳಿಸಿದ್ದರು. ಗುಂಡಿಯೂ ಸ್ಮಶಾನದ ಗೋಡೆಯಾಚೆ. ಕಿಲಿಯನ್‌ನ ಪಿಟೀಲಿಲ್ಲದೆ ಆ ಊರಿನಲ್ಲಿ ಮದುವೆಯಾದವರಿಲ್ಲ. ಹೊರಲು ಬಂದವರು ಇವರಿಬ್ಬರೇ. ಪೆಟ್ಟಿಗೆಯನ್ನು ಕೈಗಾಡಿಗೆ ಹಾಕಿ, ಅಂಚು ಹೆಪ್ಪುಗಟ್ಟಿದ್ದ ಡ್ಯಾನ್ಯೂಬಿನ ದಡದಲ್ಲಿ ತಳ್ಳಿಕೊಂಡು ಹೋದರು.

ಗುಂಡಿಯ ಬಳಿ ಶಾಲೆಯ ಮೇಷ್ಟ್ರು ಡೋರ್ನ್ ಟೋಪಿ ತೆಗೆದು ನಿಂತಿದ್ದರು. ಅವರ ಮುಖವನ್ನು ವಾಲ್ಬುರ್ಗಾ ನೋಡಲಿಲ್ಲ.

*

ಹಿಂದಿನ ಚಳಿಗಾಲದಲ್ಲಿ ಮೇಷ್ಟ್ರು ಕಿಲಿಯನ್‌ನನ್ನು ಅಡುಗೆಮನೆಗೆ ಕರೆದು, ಅವನದೇ ಒಂದು ರಾಗವನ್ನು ಮೂರು ಸಲ ನುಡಿಸಲು ಹೇಳಿ ಬರೆದುಕೊಂಡರು. ಅದಕ್ಕೆ, ಯಾರಿಗೂ ಬೇಡವಾದ ವಾದ್ಯಗಾರನೊಬ್ಬನ ಕುರಿತ ಹಾಡು ಕಟ್ಟಿ, ಭಾನುವಾರ ಮಧ್ಯಾಹ್ನ ನ್ಯಾಯಾಧೀಶರ ಮನೆಯಲ್ಲಿ ಪಿಯಾನೋ ಜೊತೆ ಹಾಡಿದರು. ಒಗೆದ ಬಟ್ಟೆ ಕೊಡಲು ಹೋಗಿದ್ದ ವಾಲ್ಬುರ್ಗಾಗೆ ಕಿಟಕಿಯ ಕೆಳಗೆ ಹಿಮದಲ್ಲಿ ನಿಂತ ಕಿಲಿಯನ್ ಕಂಡ.

"ಕೇಳಕ್ಕಾ, ನನ್ನ ಪಾಡು. ಒಳಗೆ ಹೆಂಗಸರು ಅಳ್ತಾ ಇದಾರೆ."

ಅವನ ಮುಖ ಅರಳಿತ್ತು. ಹೋಗಿ ಬಾಗಿಲು ತಟ್ಟಿದ. ಕೆಲಸದವಳು ಬಾಗಿಲನ್ನು ಒಂದು ಗೇಣು ಸರಿಸಿ, ಕೈಗೆ ರೊಟ್ಟಿಯ ತುಂಡಿಟ್ಟು, "ಸದ್ದು ಮಾಡಬೇಡಯ್ಯ, ಹಾಡು ನಡೀತಿದೆ," ಎಂದಳು.

ರೊಟ್ಟಿ ಹಿಡಿದುಕೊಂಡು ಅವನು ಹಾಡು ಮುಗಿಯುವ ತನಕ ನಿಂತಿದ್ದ. ಮರುದಿನ ಪಿಟೀಲನ್ನು ಮುರಿದು ಒಲೆಗಿಟ್ಟ. ಆಮೇಲೆ ಸಾಯುವವರೆಗೂ ವಾಲ್ಬುರ್ಗಾಳ ಮೇಕೆ ಕೊಟ್ಟಿಗೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ.

*

ಹಗ್ಗ ಜಾರಿಸಿ ಪೆಟ್ಟಿಗೆ ಇಳಿಸಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅದೇ ಹಾಡನ್ನು ಹಾಡಿದರು. ಒಳ್ಳೆಯ ಕಂಠ. ಇಗ್ನಾಜ್ ಸಲಿಕೆ ಊರಿ ತಲೆತಗ್ಗಿಸಿದ.

"ಕೊನೆ ಅದಲ್ಲ," ಎಂದಳು ವಾಲ್ಬುರ್ಗಾ.

"ಬದಲಾಯಿಸಿದೆ ಕಣಮ್ಮ." ಮೇಷ್ಟ್ರ ದನಿ ತಗ್ಗಿತು. "ಅವನು ಮುಗಿಸ್ತಿದ್ದ ಹಾಗೆ ಮುಗಿಸಿದ್ರೆ ಯಾರಿಗೂ ಕೂತು ಕೇಳೋಕೆ ಆಗ್ತಿರಲಿಲ್ಲ."

"ಇವತ್ತೊಂದಿನ ಹಾಗೇ ಮುಗಿಸಿ ಮೇಷ್ಟ್ರೇ."

"ಆ ಕೊನೆ ಮಾತ್ರ ಬರ್ಕೊಳ್ಳಲಿಲ್ಲ. ಮರೆತೂಹೋಯ್ತು. ನಿನಗೆ ನೆನಪಿದ್ರೆ ಹೇಳು."

ಹತ್ತು ಚಳಿಗಾಲ ಅವನು ಕೊಟ್ಟಿಗೆಯಲ್ಲಿ ನುಡಿಸುವಾಗ ಬಟ್ಟೆ ಹಿಂಡುತ್ತ ಕೇಳಿದ ರಾಗ. ವಾಲ್ಬುರ್ಗಾ ಬಾಯಿ ತೆರೆದಳು. ಕೊನೆಯ ಸ್ವರಗಳು ಬರಲಿಲ್ಲ. ಕಣ್ಣು ಮುಚ್ಚಿ ಮತ್ತೆ ಬಾಯಿ ತೆರೆದಳು. ಬಿಳಿಯ ಉಸಿರು ಗುಂಡಿಯ ಮೇಲೆ ಒಂದಿಷ್ಟು ದೂರ ಹೋಗಿ ಕರಗಿತು.

ಇಗ್ನಾಜ್ ಕಾದ. ಆಮೇಲೆ ಸಲಿಕೆ ಎತ್ತಿಕೊಂಡ.