ಚಾವಣಿಯ ಬಿಲ್ಲೆ

"ನಿಮ್ಮ ಅಡುಗೆಮನೆಗೆ ಇನ್ನೊಮ್ಮೆ ಬೆಂಕಿ ಬಿದ್ರೆ ಇದು ನಿಮ್ಮನ್ನ ಎಬ್ಬಿಸದೆ ಬಿಡಲ್ಲ ಅಮ್ಮಾ, ನಾನು ಮಾತು ಕೊಡ್ತೀನಿ" ಎಂದು ಅಪ್ಪ ಹೇಳಿದಾಗ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಹೇಳಿಸಿಕೊಂಡವಳು ಒಂದು ಮಹಡಿಮನೆಯ ಯಜಮಾನಿ. ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಅಲ್ಲಿದ್ದವರಿಗೆಲ್ಲ ಕೆಳಗೆ ತಾನೇ ಬೇಯಿಸಿ ಹಾಕುವವಳು. ಒಮ್ಮೆ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಅಡುಗೆಮನೆ ಪೂರ್ತಿ ಸುಟ್ಟಿತ್ತು. ಹೊಸದಾಗಿ ಕಟ್ಟಿಸಿದಾಗ ಅಪ್ಪ ಚಾವಣಿಗೆ ಹೀಟ್ ಡಿಟೆಕ್ಟರ್ ಕೂರಿಸಿಕೊಟ್ಟಿದ್ದ. ಒಗ್ಗರಣೆಯ ಹೊಗೆಗೆಲ್ಲ ಬಡಕೊಳ್ಳುವಂಥದ್ದಲ್ಲ ಅದು, ಶಾಖ ಮಿತಿಮೀರಿದರೆ ಮಾತ್ರ ಗಂಟೆ ಬಾರಿಸುವಂಥದ್ದು.

ಈಗ ಅಪ್ಪನ ಕೆಲಸ ಮಗಳ ಕೈಗೆ ಬಂದಿದೆ. ಹಳೆಯದನ್ನು ತೆಗೆದು ಹೊಸದು ಹಾಕಲು ಏಣಿ ಹೊತ್ತು ಹೋದರೆ ಯಜಮಾನಿ ಬಾಗಿಲಿಗೇ ಅಡ್ಡ ನಿಂತಳು.

"ನಿಮ್ಮಪ್ಪ ಹಾಕಿದ್ದು ಕಣೇ ಅದು. ಮುಟ್ಟಿದ್ರೆ ನೋಡು!"

ಮಗಳು ಅಪ್ಪನನ್ನೇ ಕರೆತಂದಳು. ಮಂಡಿ ನೀವಿಕೊಳ್ಳುತ್ತ ಕುರ್ಚಿಯಲ್ಲಿ ಕೂತವನು ಮಗಳ ಪರವಾಗಿ ನಾಲ್ಕು ಮಾತಾಡಬೇಕಿತ್ತು. "ಯಾಕೆ, ನಾನು ಹಾಕಿದ್ದಕ್ಕೆ ಏನಾಗಿದೆ ಈಗ?" ಎಂದ.

"ಒಳ್ಳೆಯವರನ್ನ ಕರ್ಕೊಂಡು ಬಂದೆ" ಎಂದು ಗೊಣಗುತ್ತ ಮಗಳು ಏಣಿ ಹತ್ತಿದಳು. ತಂತಿಗಳನ್ನು ಬಿಚ್ಚಿ ತುದಿಗೆ ತುದಿ ತಾಗಿಸಿದಳು. ಗಂಟೆ ಮನೆ ಕಿತ್ತುಹೋಗುವಂತೆ ಬಡಿಯಿತು.

"ಕೇಳಿಸ್ತಾ?" ಯಜಮಾನಿಯ ಮುಖ ಊರಗಲವಾಯಿತು.

"ಗಂಟೆ ಸರಿಯಾಗಿದೆ ಅಜ್ಜಿ. ಆದರೆ ಗಂಟೆಗೆ ಹೇಳಬೇಕಾದ್ದು ಡಿಟೆಕ್ಟರ್ ಮುಖದ ಈ ಬಿಲ್ಲೆ. ಇದನ್ನ ಹಿಡಿದಿರೋದು ಒಂದು ಚೂರು ಲೋಹ. ಕಾದರೆ ಕರಗುತ್ತೆ, ಬಿಲ್ಲೆ ಬೀಳುತ್ತೆ, ಆಗ ಗಂಟೆ. ಅದೂ ಒಂದೇ ಸಲ. ಟೆಸ್ಟ್ ಮಾಡಿದ್ರೆ ಇದರ ಕತೆ ಮುಗೀತು. ಅದಕ್ಕೇ ಯಾರೂ ಮಾಡಿಲ್ಲ."

"ಅಂದ್ರೆ ಇದು ಬದುಕಿದೆಯೋ ಇಲ್ವೋ ಯಾರಿಗೂ ಗೊತ್ತಿಲ್ಲ ಅನ್ನು!"

"ಗೊತ್ತಿಲ್ಲ."

ಯಜಮಾನಿ ಅಪ್ಪನ ಕಡೆ ತಿರುಗಿದಳು. ಅವಳು ಮಲಗುವುದು ಪಕ್ಕದ ಕೋಣೆಯಲ್ಲೇ. ಇಷ್ಟು ವರ್ಷ ಅವನು ಕೊಟ್ಟ ಮಾತನ್ನು ನಂಬಿಯೇ ಕಣ್ಣು ಮುಚ್ಚಿದ್ದಳು.

"ಕಾಯಿಸು," ಎಂದ ಅಪ್ಪ. "ಬಾರಿಸಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸು."

ಮಗಳಿಗೆ ಇದು ಬೇಡವಾಗಿತ್ತು. ಅಪ್ಪನಿಗೆ ಉಳಿದಿದ್ದ ಜಂಭವೆಲ್ಲ ಅಲ್ಲಲ್ಲಿ ತಾನು ಕೂರಿಸಿಬಂದ ಇಂಥ ಬಿಲ್ಲೆಗಳದ್ದೇ. ಆದರೆ ಇಬ್ಬರೂ ಕತ್ತೆತ್ತಿಕೊಂಡು ಕೂತಿದ್ದರು. ತಂತಿ ಮತ್ತೆ ಸಿಕ್ಕಿಸಿ, ಬಿಸಿಗಾಳಿ ಯಂತ್ರ ಹಿಡಿದಳು.

ಕಾಯಿತು. ಅಂಚಿನಿಂದ ಕರಗಿದ ಲೋಹದ ಒಂದು ಹನಿ ಇಣುಕಿತು. ಬಿಲ್ಲೆ ಕದಲಲಿಲ್ಲ. ಗಂಟೆ ಕಮಕ್ ಕಿಮಕ್ ಎನ್ನಲಿಲ್ಲ. ತೋಳು ಸೋಲುವವರೆಗೂ ಹಿಡಿದು ನೋಡಿ, ಆರಿದ ಮೇಲೆ ಬಿಚ್ಚಿ ಕೆಳಗೆ ತಂದಳು. ಉಗುರಿನಲ್ಲಿ ಕೆರೆದರೆ ಬಿಳಿ, ಅದರಡಿ ಕೆನೆ ಬಣ್ಣ, ಅದರಡಿ ತಿಳಿಹಸಿರು.

"ಇದಕ್ಕೂ ಬಣ್ಣ ಹೊಡೆಸಿದೀರಾ ಅಜ್ಜಿ?"

"ಮತ್ತೆ? ಗೋಡೆಗೆ ಹೊಡೆಸಿದಾಗಲೆಲ್ಲ ಇದಕ್ಕೂ ಹೊಡೆಸಿದೀನಿ. ಚೆನ್ನಾಗಿ ನೋಡ್ಕೊಳ್ಳಿ ಅಂದಿದ್ರಲ್ಲ ನಿಮ್ಮಪ್ಪ! ಜಿಡ್ಡು ಕೂರಬಾರದು ಅಂತ ಎಣ್ಣೆ ಬಣ್ಣಾನೇ, ಎರಡೆರಡು ಕೈ!"

ಬಣ್ಣದಲ್ಲಿ ಅಂಟಿಕೊಂಡೇ ಇದ್ದ ಬಿಲ್ಲೆಯನ್ನು ಅಪ್ಪ ಅಂಗೈಯಲ್ಲಿ ಹೊರಳಿಸಿ ನೋಡಿದ.

"ಬಣ್ಣ ತಾಗಿಸಬಾರದು ಅಂತ ಹೇಳಿದ್ಯಾ ಅಪ್ಪಾ?"

"ಇಲ್ಲ."

ಆಮೇಲೆ ಯಜಮಾನಿಯೇ ಎದ್ದು ಬಂದು ಏಣಿಯ ಕಾಲು ಹಿಡಿದುಕೊಂಡು, "ಹತ್ತು, ಹೊಸದು ಹಾಕು" ಎಂದಳು. ಮಗಳು ಹಾಕಿದಳು. ಇದಕ್ಕೆ ಬಣ್ಣ ಸೋಕಿಸಬಾರದೆಂದು ಯಜಮಾನಿಯ ಬಾಯಲ್ಲೇ ಹೇಳಿಸಿದಳು.

ಅಪ್ಪ ಕೊಟ್ಟ ಮಾತು, ಬಿಲ್ಲೆಯ ಮೇಲೆ ಆ ತಿಳಿಹಸಿರಿನ ಮೊದಲ ಕೈ ಬಿದ್ದ ದಿನವೇ ಮುರಿದಿತ್ತು.