ಕನಕಾಂಬರದ ಬುಡಕ್ಕೆ ಬಿದ್ದ ಹನಿ

ಮರಗಟ್ಟಿಸುವ ಹನಿ ಎಡಗಣ್ಣಿಂದ ಜಾರಿ ತಣ್ಣಗೆ ಕಿವಿಯ ಕಡೆಗೆ ಹರಿಯುತ್ತಿದೆ, ಒರೆಸಿಕೊಳ್ಳೋಣವೆಂದರೆ ಕೈ ಎತ್ತಬೇಡಿ ಯಜಮಾನ್ರೇ ಅಂದಳು ನರ್ಸಮ್ಮ, ಎತ್ತಲು ಧೈರ್ಯವಾದರೂ ಎಲ್ಲಿದೆ ಚಿಕ್ಕಮಾದುವಿಗೆ — ಇಪ್ಪತ್ತೆಂಟು ವರ್ಷ ನಂಜನಗೂಡು ಬಸ್ ಸ್ಟ್ಯಾಂಡಿನ ಮುಂದೆ ಮಚ್ಚು ಹಿಡಿದು ಎಳನೀರು ಕೆತ್ತಿದ ಗಂಡು, ಒಂದು ಸೂಜಿಗೆ ಹೀಗೆ ನಡುಗುವುದೇ! ಸೂಜಿಯಾದರೂ ಎಂಥದ್ದು, ಕಣ್ಣಿಗೇ ಚುಚ್ಚುವುದು. ಬಿಳಿಗುಡ್ಡೆಯೊಳಗೆ ಒಂದಿಷ್ಟು ಜೆಲ್ ಬಿಡ್ತೀವಿ, ಅಲ್ಲೇ ಕೂತು ಕಣ್ಣಿನ ಪ್ರೆಶರ್ ಇಳಿಸುತ್ತೆ, ಸರಿಹೋದರೆ ತಿಂಗಳುಗಟ್ಟಲೆ ಡ್ರಾಪ್ಸ್ ಬೇಡ, ಆದರೆ ಇದಿನ್ನೂ ಪರೀಕ್ಷೆಯಲ್ಲಿರೋ ಮದ್ದು, ಡ್ರಾಪ್ಸಿಗೆ ಬಗ್ಗದವರಿಗೆ ಮಾತ್ರ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಾಗ ಅವನು ಸಹಿ ಹಾಕಿದ್ದು ನಿಜ, ಆ ಕೊನೆಯ ಮಾತಿಗೆ ಪೆನ್ನು ಅರ್ಧ ಹೆಸರಿಗೇ ನಿಂತದ್ದೂ ನಿಜ.

ಬಗ್ಗಲು ಆ ಡ್ರಾಪ್ಸು ಕಣ್ಣಿಗೆ ಬಿದ್ದಿದ್ದರೆ ತಾನೆ! ನರಸೀಪುರದ ಕಣ್ಣಿನ ಶಿಬಿರದಲ್ಲಿ ಗ್ಲಾಕೋಮಾ, ಒಳಗಿನ ಒತ್ತಡಕ್ಕೆ ನೋಟ ಸವೆಯೋ ಕಾಯಿಲೆ ಅಂದ ಮೇಲೆ ನಾಲ್ಕು ತಿಂಗಳು ತಪ್ಪದೆ ಬಿಟ್ಟುಕೊಂಡಿದ್ದ, ಉರಿಯನ್ನು ಸಹಿಸಬಹುದಿತ್ತು, ಆ ಮದ್ದಿಗೆ ರೆಪ್ಪೆಗೂದಲು ನಾಟಕದ ಹೆಣ್ಣುವೇಷದವನಿಗಿದ್ದ ಹಾಗೆ ಉದ್ದುದ್ದ ಬೆಳೆದವಲ್ಲ, ಆಟೋ ಶಿವು ಬಿಡುತ್ತಾನೆಯೇ, ಏನಣ್ಣೋ ಕಾಡಿಗೆ ಹಚ್ಕ ಬಂದಿದ್ದೀಯ, ಯಾವೂರ್ ಎಣ್ ನೋಡಕ್ ಓಯ್ತಿದ್ದೀಯ, ಸ್ಟ್ಯಾಂಡಿಗೆ ಸ್ಟ್ಯಾಂಡೇ ಗೊಳ್ಳೆಂದಿತು — ಅಂದಿನಿಂದ ದಿನಾ ಹಿತ್ತಲಿಗೆ ಹೋಗಿ ಎರಡೇ ಎರಡು ಹನಿ ಕನಕಾಂಬರದ ಬುಡಕ್ಕೆ, ಯಾಕೆಂದರೆ ಮರಿತಾಯಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವ ಹೆಂಡತಿ, ಬುಟ್ಕಂಡ್ರಾ, ಬುಟ್ಕಂಡೆ ಕಣಮ್ಮಿ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ, ಹೋದ ನೋಟ ವಾಪಸು ಬರಲ್ಲ ಅಂತಾರೆ, ಹೋಗಿದ್ದಾದರೂ ಗೊತ್ತಾಯಿತೇ, ಎದುರಿನ ಕಾಯಿ ನಿಚ್ಚಳ, ಬಸ್ಸಿನ ಬೋರ್ಡು ನಿಚ್ಚಳ, ಎಡಪಕ್ಕ ಮಾತ್ರ ಸದ್ದಿಲ್ಲದೆ ಸವೆದುಹೋಗಿತ್ತು, ಆ ಎಡಪಕ್ಕಕ್ಕೇ ಬಂದು ನಿಂತಿದ್ದಳು ಮೊಮ್ಮಗಳು ಬಿಂದುಶ್ರೀ, ಸ್ಟ್ರಾ ನಾನ್ ಆಕ್ತೀನಿ ತಾತ ಅಂತ ಕೈ ಚಾಚಿದ್ದಳು, ಮಚ್ಚು ಆಗಲೇ ಇಳಿದಿತ್ತು — ಪುಟ್ಟ ಮುಷ್ಟಿ, ಮುಷ್ಟಿಯಲ್ಲಿ ಅರ್ಧ ಸ್ಟ್ರಾ. ಮಗು ನಕ್ಕಿತು, ಮ್ಯಾಜಿಕ್ ಅಂದುಕೊಂಡಿತು, ಇನ್ನೊಂದ್ಸಲ ಮಾಡು ತಾತ. ಅವನು ಯಾರಿಗೂ ಹೇಳಲಿಲ್ಲ. ಹೆದರಿಕೆಯಾಯಿತು, ಇವತ್ತಿಗೂ ಆಗುತ್ತದೆ.

ಪ್ರೆಶರ್ ಮೂವತ್ತೆರಡು, ಡ್ರಾಪ್ಸ್ ಹಾಕಿಯೂ ಇಷ್ಟಾ, ದಿನಾ ಹಾಕ್ತಿದ್ರಾ, ಇಲ್ಲ ಅಂದ್ರೆ ಸೂಜಿ ಬೇಡ, ಮೊದಲು ಡ್ರಾಪ್ಸನ್ನೇ ಸರಿಯಾಗಿ ಹಾಕಿ ನೋಡೋಣ, ಡಾಕ್ಟರಮ್ಮ ಕೊನೆಯ ಸಲ ಕೇಳುತ್ತಿದ್ದಾರೆ, ಕಾಲ ಬಳಿಯಿಂದ ಮರಿತಾಯಮ್ಮನ ದನಿ, ಒಂದಿನಾನೂ ತಪ್ಸಿಲ್ಲ ಡಾಕ್ಟ್ರಮ್ಮ, ನಾನೇ ಬಾಟ್ಲಿ ನೋಡ್ತಿದ್ನಲ್ಲ — ಅಯ್ಯೋ ಸುಮ್ಮನಿರು ಮಾರಾಯ್ತಿ, ಸುಮ್ಮನಿದ್ದುಬಿಟ್ಟರೆ ಜೆಲ್ ಒಳಗೆ, ಬಾಟಲಿಯ ಕಾಟ ಮುಗಿಯಿತು, ಮಾನವೂ ಉಳಿಯಿತು, ಆದರೆ ಡ್ರಾಪ್ಸು ಕೆಲಸಕ್ಕೆ ಬಾರದ್ದು ಅಂತ ಬರೆದುಕೊಳ್ಳುತ್ತಾರೆ, ನಾಳೆ ಜೆಲ್ಲೂ ಕೈಕೊಟ್ಟರೆ, ಉಳಿದಷ್ಟು ನೋಟವೂ ಹೋದರೆ, ಬೇಸಿಗೆ ರಜೆಗೆ ಬಿಂದು ಮತ್ತೆ ಬಂದು ಪಕ್ಕದಲ್ಲಿ ನಿಂತರೆ, ಎಡಕ್ಕೋ ಬಲಕ್ಕೋ — ಬುಟ್ಕಳ್ನಿಲ್ಲ ಡಾಕ್ಟ್ರಮ್ಮ, ಗಿಡಕ್ಕೆ ಬುಟ್ಟೆ. ಯಾರ ದನಿ ಇದು, ತನ್ನದೇ, ಮರಿತಾಯಮ್ಮ ಏನೋ ಅನ್ನುತ್ತಿದ್ದಾಳೆ, ಕೇಳಿಸುತ್ತಿಲ್ಲ, ಕಣ್ಣು ಮುಚ್ಚಿಕೊಳ್ಳೋಣವೆಂದರೆ ರೆಪ್ಪೆಗೆ ಕ್ಲಿಪ್ ಹಾಕಿದ್ದಾರೆ, ಮುಚ್ಚದ ಕಣ್ಣಿನ ಮುಂದೆ ಪುಟ್ಟ ಮುಷ್ಟಿ, ಅರ್ಧ ಸ್ಟ್ರಾ, ಕತ್ತರಿಸಿದ ತುದಿಗೂ ಹೆಬ್ಬೆರಳಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ.